ಸಿಲ್ಕಿ ಕೋಳಿಗೆ ಮೇಜಿನ ಮೇಲಿನ ಇನ್‌ಕ್ಯುಬೇಟರ್: 18 ದಿನಕ್ಕೆ ಸೈ, ಕೊನೆಯ 3 ದಿನಕ್ಕೆ ಸಾಲದು

ಪಾರದರ್ಶಕ ಮುಚ್ಚಳ, ಒಳಗೊಂದು ಪುಟ್ಟ ಫ್ಯಾನ್, ಗಂಟೆಗೊಮ್ಮೆ ತಾನೇ ಮೊಟ್ಟೆ ಹೊರಳಿಸುವ ಮೋಟರು, ಮುಂಭಾಗದಲ್ಲಿ ಉಷ್ಣಾಂಶ ತೋರಿಸುವ ಡಿಸ್‌ಪ್ಲೇ. ಮೊಟ್ಟೆಗೆ ಕೃತಕ ಕಾವು ಕೊಟ್ಟು ಮರಿ ಮಾಡಿಸುವ, 20ರಿಂದ 30 ಮೊಟ್ಟೆ ಹಿಡಿಯುವ ಈ ಬಗೆಯ ಇನ್‌ಕ್ಯುಬೇಟರುಗಳು ಹತ್ತಾರು ಹೆಸರಿನಲ್ಲಿ ಸಿಗುತ್ತವೆ. ಮೇಲಿನ ಬಣ್ಣ ಬೇರೆಯಾದರೂ ಒಳಗಿನ ಕಟ್ಟು ಹೆಚ್ಚುಕಡಿಮೆ ಒಂದೇ. ರೇಷ್ಮೆಯಂಥ ಮೆದು ಗರಿಯ ಸಿಲ್ಕಿ ತಳಿಯ ಕೋಳಿಯನ್ನು ಪ್ರದರ್ಶನಕ್ಕೆಂದು ಬೆಳೆಸಲು ಕಲಿಯುತ್ತಿರುವವರು ಮೊದಲು ಕೊಳ್ಳುವುದೂ ಸಾಮಾನ್ಯವಾಗಿ ಇದನ್ನೇ. ಸಿಲ್ಕಿಯ ಅಗತ್ಯ ಮುಂದಿಟ್ಟುಕೊಂಡು ನೋಡಿದರೆ ತೀರ್ಪು ಇಷ್ಟು: ತಟ್ಟೆ, ಉಷ್ಣಾಂಶ, ತೇವಾಂಶ ಈ ಮೂರನ್ನು ತಿದ್ದಿಕೊಂಡರೆ ಮೊದಲ 18 ದಿನದ ಕೆಲಸವನ್ನು ಯಂತ್ರ ಚೊಕ್ಕವಾಗಿ ಮಾಡುತ್ತದೆ. ಮೊಟ್ಟೆ ಒಡೆದು ಮರಿ ಬರುವ ಕೊನೆಯ ಮೂರು ದಿನವನ್ನು ಮಾತ್ರ ಇದಕ್ಕೆ ಒಪ್ಪಿಸಬಾರದು.

ಸಿಲ್ಕಿ ಹೇಂಟೆಯಷ್ಟು ಕಾವು ಕೂರುವ ಹೇಂಟೆ ಇನ್ನೊಂದಿಲ್ಲ, ಹಾಗಿರುವಾಗ ಯಂತ್ರ ಯಾಕೆ ಎಂಬ ಪ್ರಶ್ನೆ ಸಹಜ. ಹೇಂಟೆ ಕಾವಿಗೆ ಕೂತ ಕೂಡಲೇ ಮೊಟ್ಟೆ ಇಡುವುದು ನಿಲ್ಲುತ್ತದೆ, ಅದರ ಹೊಟ್ಟೆಯಡಿ ಹಿಡಿಯುವುದು ಆರೆಂಟು ಮೊಟ್ಟೆ. ಪ್ರದರ್ಶನದ ಹಕ್ಕಿ ಹುಟ್ಟುವುದು ಆಯ್ಕೆಯಿಂದ. ಆಯ್ಕೆ ಮಾಡಬೇಕೆಂದರೆ ಒಂದೇ ಜೋಡಿಯ, ಒಂದೇ ವಯಸ್ಸಿನ ಹತ್ತಿಪ್ಪತ್ತು ಮರಿ ಕಣ್ಣ ಮುಂದೆ ಇರಬೇಕು. ಮರಿಗೆ ತುಂಬು ಗರಿ ಬಂದು ನಿಲ್ಲಲು ಎಂಟು ತಿಂಗಳಾದರೂ ಹಿಡಿಯುವುದರಿಂದ, ಪ್ರದರ್ಶನದ ದಿನದಿಂದ ಹಿಂದಕ್ಕೆ ಎಣಿಸಿ ಮೊಟ್ಟೆ ಕೂರಿಸುವ ವಾರವನ್ನು ನಾವೇ ಗೊತ್ತುಮಾಡಬೇಕಾಗುತ್ತದೆ. ಹೇಂಟೆ ನಮ್ಮ ವಾರಕ್ಕೆ ಕಾಯುವುದಿಲ್ಲ. ಯಂತ್ರದ ನಿಜವಾದ ಉಪಯೋಗ ಇದೇ.

ಮೊದಲ ತೊಡಕು ಮೊಟ್ಟೆಯ ತಟ್ಟೆಯಲ್ಲಿ. ತಯಾರಕರು ಹೇಳುವ 24 ಎಂಬ ಲೆಕ್ಕ ದೊಡ್ಡ ಕೋಳಿಯ 55–60 ಗ್ರಾಂ ಮೊಟ್ಟೆಯದು. ಸಿಲ್ಕಿಯ ಮೊಟ್ಟೆ ಸಾಮಾನ್ಯವಾಗಿ 35–40 ಗ್ರಾಂ. ಇದು ಸಾಲಿನಿಂದ ಸಾಲಿಗೆ, ಅಂದರೆ ವಂಶದಿಂದ ವಂಶಕ್ಕೆ, ಬದಲಾಗುತ್ತದೆ. ಅಮೆರಿಕದ ಪ್ರದರ್ಶನ ಮಾನದಂಡ ಸಿಲ್ಕಿಯನ್ನು ಬ್ಯಾಂಟಮ್ (ಪುಟ್ಟ ಗಾತ್ರದ ಕೋಳಿ) ಎಂದು ಎಣಿಸಿ ಬೆಳೆದ ಹುಂಜಕ್ಕೆ 36 ಔನ್ಸ್, ಅಂದರೆ ಸುಮಾರು ಒಂದು ಕೆ.ಜಿ. ಹೇಳಿದರೆ, ಬ್ರಿಟನ್ನಿನದು ಅದನ್ನು ದೊಡ್ಡ ಕೋಳಿಯ ವರ್ಗಕ್ಕೆ ಸೇರಿಸಿ 1.81 ಕೆ.ಜಿ. ಕೇಳುತ್ತದೆ, ಬ್ಯಾಂಟಮ್ ಅಲ್ಲಿ ಬೇರೆ. ನಿಮ್ಮ ಸಾಲು ಯಾವ ಮಾನದಂಡದ್ದೋ ಅದರ ಮೊಟ್ಟೆಗೆ ತಟ್ಟೆ ಹೊಂದಿಸಬೇಕು. ನೆಲದ ಮೇಲೆ ಮೊಟ್ಟೆ ಮಲಗಿಸಿ ಚೌಕಟ್ಟು ಹಿಂದೆಮುಂದೆ ತಳ್ಳುವ ಮಾದರಿಯಲ್ಲಿ ಮೊಟ್ಟೆ ಕೂರುವ ಮನೆ ಅಗಲವಾದಷ್ಟೂ ಮೊಟ್ಟೆ ಹೊರಳುವುದು ಕಡಿಮೆ: ಚೌಕಟ್ಟಿನ ಅರ್ಧ ಓಟ ಖಾಲಿ ಜಾಗದಲ್ಲೇ ಮುಗಿದಿರುತ್ತದೆ. ನೆಲ ನುಣುಪಾಗಿದ್ದರೆ ಮೊಟ್ಟೆ ಉರುಳುವ ಬದಲು ಜಾರುತ್ತದೆ. ಪರೀಕ್ಷೆ ಸುಲಭ. ಪ್ರತಿ ಮೊಟ್ಟೆಯ ಒಂದು ಮಗ್ಗುಲಿಗೆ ಪೆನ್ಸಿಲ್ಲಿನಲ್ಲಿ ಗುಣಿಸು ಗುರುತು, ಇನ್ನೊಂದಕ್ಕೆ ಸೊನ್ನೆ ಹಾಕಿ. ಒಂದು ಸುತ್ತು ಮುಗಿದಾಗ ಗುಣಿಸು ಇದ್ದಲ್ಲಿ ಸೊನ್ನೆ ಕಾಣಬೇಕು. ಕಾಣದಿದ್ದರೆ ಚೌಕಟ್ಟಿನ ಒಳಮೈಗೆ ತೆಳು ಫೋಮ್ ಪಟ್ಟಿ ಅಂಟಿಸಿ ಮನೆಯನ್ನು ಕಿರಿದಾಗಿಸಿ. ಅಗಲ ಬದಲಿಸಬಹುದಾದ ಅಡ್ಡಪಟ್ಟಿಗಳಿರುವ ಮಾದರಿ ಸಿಕ್ಕರೆ ಅದನ್ನೇ ಆರಿಸಿಕೊಳ್ಳಿ.

ಡಿಸ್‌ಪ್ಲೇಯಲ್ಲಿ 37.5 ಡಿಗ್ರಿ ಸೆಲ್ಸಿಯಸ್ ಎಂದಿದ್ದರೆ ಮೊಟ್ಟೆಯ ಬಳಿಯೂ 37.5 ಇದೆ ಎಂದು ನಂಬಬೇಡಿ. ಸಂವೇದಕ ಇರುವುದು ಫ್ಯಾನಿನ ಪಕ್ಕದಲ್ಲಿ, ಮೊಟ್ಟೆ ಇರುವುದು ಕೆಳಗೆ, ಮೂಲೆಯಲ್ಲಿ. ಮೊಟ್ಟೆ ಇಡುವ 24 ಗಂಟೆ ಮೊದಲೇ ಯಂತ್ರವನ್ನು ಖಾಲಿ ಓಡಿಸಿ, ಜ್ವರ ನೋಡುವ ಡಿಜಿಟಲ್ ಥರ್ಮಾಮೀಟರಿನ ತುದಿಯನ್ನು ಮೊಟ್ಟೆಯ ಎತ್ತರಕ್ಕೆ ಹಿಡಿದು ನಡುವೆಯೂ ನಾಲ್ಕು ಮೂಲೆಯಲ್ಲೂ ಅಳೆಯಿರಿ. ಜ್ವರದ ಥರ್ಮಾಮೀಟರ್ ತಾನು ಕಂಡ ಅತಿ ಹೆಚ್ಚಿನ ಅಂಕಿಯನ್ನೇ ಹಿಡಿದಿಟ್ಟುಕೊಳ್ಳುತ್ತದೆ, ಹಾಗಾಗಿ ಪ್ರತಿ ಸಲವೂ ಅದನ್ನು ಆರಿಸಿ ಮತ್ತೆ ಹಚ್ಚಿ, ಪ್ರತಿ ಜಾಗದಲ್ಲೂ ನಾಲ್ಕೈದು ಸಲ ಅಳೆದು ನೋಡುವುದು ಲೇಸು. ವ್ಯತ್ಯಾಸ ಎಷ್ಟಿದೆಯೋ ಅಷ್ಟನ್ನು ಯಂತ್ರದ ಸೆಟ್ಟಿಂಗಿನಲ್ಲಿ ಸರಿಪಡಿಸಿ. ಮೂಲೆಗೂ ನಡುವಿಗೂ ಅರ್ಧ ಡಿಗ್ರಿ ಅಂತರವಿದ್ದರೆ ಒಳಗಿನ ಬೆಳವಣಿಗೆ ತಿಳಿಯಲು ಮೊಟ್ಟೆಗೆ ಟಾರ್ಚ್ ಹಿಡಿದು ನೋಡುವ ದಿನಗಳಲ್ಲಿ ಮೊಟ್ಟೆಗಳ ಜಾಗ ಅದಲುಬದಲು ಮಾಡಿದರೆ ಸಾಕು. ಒಂದು ಡಿಗ್ರಿ ದಾಟಿದರೆ ಯಂತ್ರವನ್ನು ವಾಪಸ್ ಮಾಡುವುದೇ ಸರಿ. ಪಾರದರ್ಶಕ ಮುಚ್ಚಳದ ಮೇಲೆ ಅರ್ಧ ಗಂಟೆ ಬಿಸಿಲು ಬಿದ್ದರೂ ಒಳಗಿನ ಕಾವು ಏರುತ್ತದೆ, ಅದನ್ನು ಇಳಿಸುವ ಉಪಾಯ ಯಂತ್ರದಲ್ಲಿಲ್ಲ. ಕಾವು ಕಡಿಮೆಯಾಗುವುದಕ್ಕಿಂತ ಹೆಚ್ಚಾಗುವುದೇ ಭ್ರೂಣಕ್ಕೆ ಅಪಾಯ. ಕರೆಂಟು ಹೋಗಿ ಒಂದೆರಡು ಗಂಟೆ ತಣ್ಣಗಾದ ಮೊಟ್ಟೆ ಬಹುತೇಕ ಚೇತರಿಸಿಕೊಳ್ಳುತ್ತದೆ. ಆಗ ಮುಚ್ಚಳ ತೆಗೆಯದೆ ಮೇಲೊಂದು ದಪ್ಪ ಹೊದಿಕೆ ಹಾಕಿ ಸುಮ್ಮನಿರಿ. ಎಚ್ಚರಿಕೆಯ ಗಂಟೆ ಕಾರ್ಖಾನೆಯಿಂದ ಬರುವಾಗ ಒಂದು ಡಿಗ್ರಿಗೆ ಹೊಂದಿಸಿದ್ದರೆ ಅದನ್ನು ಅರ್ಧ ಡಿಗ್ರಿಗೆ ಇಳಿಸಿ.

ಮೂರರಲ್ಲಿ ಹೆಚ್ಚು ಜನ ಸೋಲುವುದು ತೇವಾಂಶದಲ್ಲಿ. ಅಗ್ಗದ ತೇವಾಂಶ ಮಾಪಕಗಳು ಹತ್ತು ಅಂಶದಷ್ಟು ತಪ್ಪು ತೋರಿಸುವುದೂ ಉಂಟು. ಬಾಟಲಿಯ ಮುಚ್ಚಳದಲ್ಲಿ ಅಡುಗೆ ಉಪ್ಪು ತುಂಬಿ, ಉಪ್ಪು ಕರಗಿ ಹೋಗದೆ ಬರೀ ಒದ್ದೆ ಮಣ್ಣಿನಂತಾಗುವಷ್ಟು ನೀರು ಹನಿಸಿ, ಅದನ್ನೂ ಮಾಪಕವನ್ನೂ ಗಾಳಿಯಾಡದ ಚೀಲದಲ್ಲಿ ಹಾಕಿ 12 ಗಂಟೆ ಬಿಡಿ. ಆಗ ಮಾಪಕ ಶೇ. 75 ತೋರಿಸಬೇಕು. 68 ಎಂದರೆ ಅದು ಏಳು ಅಂಶ ಕಡಿಮೆ ಹೇಳುತ್ತಿದೆ ಎಂದರ್ಥ. ಕಾಗದದ ಚೀಟಿಯಲ್ಲಿ ಬರೆದು ಮಾಪಕಕ್ಕೇ ಅಂಟಿಸಿಬಿಡಿ. ಮೊದಲ 18 ದಿನ ಶೇ. 45–50, ಕೊನೆಗೆ ಶೇ. 65–70 ಎಂಬುದು ಎಲ್ಲರೂ ಹೇಳುವ ಲೆಕ್ಕ. ತಳದ ಕಾಲುವೆಗೆ ನೀರು ಎಷ್ಟು ಆಳ ತುಂಬಿದರೂ ತೇವಾಂಶ ಏರದು, ನೀರಿನ ಮೈ ಎಷ್ಟು ಅಗಲ ತೆರೆದಿದೆ ಎಂಬುದೇ ಮುಖ್ಯ. ಒಂದು ಕಾಲುವೆ ಸಾಲದಿದ್ದರೆ ಎರಡನೆಯದಕ್ಕೂ ತುಂಬಿ, ಇಲ್ಲವೇ ಸ್ಪಂಜಿನ ತುಂಡೊಂದನ್ನು ನಿಲ್ಲಿಸಿ.

ಆದರೆ ಮಾಪಕಕ್ಕಿಂತ ತಕ್ಕಡಿ ಹೆಚ್ಚು ನಿಜ ಹೇಳುತ್ತದೆ. ಪುಟ್ಟ ಮೊಟ್ಟೆಗೆ ತೂಕಕ್ಕೆ ಹೋಲಿಸಿದರೆ ಮೈಯ ಹರವು ಹೆಚ್ಚು, ಚಿಪ್ಪಿನ ದಪ್ಪವೂ ಹೇಂಟೆಯಿಂದ ಹೇಂಟೆಗೆ ಬೇರೆ. ಎಲ್ಲಕ್ಕೂ ಒಂದೇ ಅಂಕಿ ಹೊಂದುವುದಿಲ್ಲ. 18ನೇ ದಿನಕ್ಕೆ ಮೊಟ್ಟೆ ತನ್ನ ತೂಕದಲ್ಲಿ ಶೇ. 11–13 ಕಳೆದುಕೊಂಡಿರಬೇಕು. 38 ಗ್ರಾಂ ಮೊಟ್ಟೆ ಏಳನೇ ದಿನಕ್ಕೆ ಸುಮಾರು 36.2, 18ನೇ ದಿನಕ್ಕೆ 33.4 ಗ್ರಾಂ ತೂಗಬೇಕು. 0.1 ಗ್ರಾಂ ತೋರಿಸುವ ತಕ್ಕಡಿ ಇಟ್ಟುಕೊಂಡು ಇಟ್ಟ ದಿನ, 7, 14, 18ನೇ ದಿನ ತೂಗಿ ಬರೆದಿಡಿ. ಏಳನೇ ದಿನಕ್ಕೆ ತೂಕ ಸಾಕಷ್ಟು ಇಳಿದಿಲ್ಲವೆಂದರೆ ನೀರು ಕಡಿಮೆ ಮಾಡಲು ಇನ್ನೂ ಕಾಲವಿರುತ್ತದೆ. ಸಿಲ್ಕಿಯ ಚಿಪ್ಪು ಕೆನೆಬಣ್ಣದ್ದು, ಹಾಗಾಗಿ ಟಾರ್ಚಿನ ಬೆಳಕಲ್ಲಿ ಎಲ್ಲ ಕಾಣುತ್ತದೆ: ಏಳನೇ ದಿನ ಜೇಡದಂತೆ ಹರಡಿದ ಕೆಂಪು ನರ, ನಡುವೆ ಮಿಸುಕುವ ಕಪ್ಪು ಚುಕ್ಕೆ. ನರವಿಲ್ಲದೆ ರಕ್ತದ ಉಂಗುರವೊಂದೇ ಕಂಡರೆ ಭ್ರೂಣ ಸತ್ತಿದೆ, ತೆಗೆದುಬಿಡಿ.

ಅರ್ಧಕ್ಕರ್ಧ ಮೊಟ್ಟೆ ಬರಿದಾಗಿ ಕಂಡರೆ ಯಂತ್ರವನ್ನು ಬೈದು ಪ್ರಯೋಜನವಿಲ್ಲ. ಸಿಲ್ಕಿಯ ಹಿಂಭಾಗದ ಗರಿ ಎಷ್ಟು ದಟ್ಟವೆಂದರೆ ಹುಂಜ ಏರಿದರೂ ಕೂಡುವುದು ಸಾಧ್ಯವಾಗದಿರಬಹುದು. ಗುದದ್ವಾರದ ಸುತ್ತಲಿನ ಗರಿಯನ್ನು ಹುಂಜಕ್ಕೂ ಹೇಂಟೆಗೂ ಕತ್ತರಿಸಬೇಕು. ಆ ಹಕ್ಕಿಯನ್ನು ಅದೇ ಕಾಲದಲ್ಲಿ ಪ್ರದರ್ಶನಕ್ಕೂ ಒಯ್ಯುವ ಆಸೆ ಬಿಡಬೇಕು. ಮೊಟ್ಟೆಯನ್ನು ಏಳು ದಿನಕ್ಕಿಂತ ಹೆಚ್ಚು ಕೂಡಿಡಬೇಡಿ, 13–18 ಡಿಗ್ರಿಯಲ್ಲಿ ಚೂಪು ತುದಿ ಕೆಳಗಾಗಿ ಇಡಿ, ತೊಳೆಯಬೇಡಿ. ಯಂತ್ರಕ್ಕೆ ಹಾಕುವ ಮೊದಲು ಆರೇಳು ಗಂಟೆ ಕೋಣೆಯ ಕಾವಿಗೆ ಬರಲು ಬಿಡಿ, ಇಲ್ಲದಿದ್ದರೆ ಚಿಪ್ಪಿನ ಮೇಲೆ ನೀರು ಬೆವರುತ್ತದೆ.

ಇನ್ನು 18ನೇ ದಿನ. ಇಲ್ಲಿಂದಾಚೆ ಹೊರಳಿಸುವುದು ನಿಲ್ಲಬೇಕು, ತೇವಾಂಶ ಏರಬೇಕು, ಗಾಳಿಕಿಂಡಿ ಹೆಚ್ಚು ತೆರೆಯಬೇಕು. ಯಂತ್ರ ಸಣ್ಣದಾದ್ದರಿಂದ ಒಮ್ಮೆ ಮುಚ್ಚಳ ಎತ್ತಿದರೆ ಒಳಗಿನ ತೇವ ಪೂರ್ತಿ ಹಾರಿಹೋಗುತ್ತದೆ. ಚಿಪ್ಪು ಕೊರೆದು ಕೊಕ್ಕು ಹೊರಹಾಕಿದ ಮರಿಯ ಮೇಲಿನ ಪೊರೆ ಆಗಲೇ ಒಣಗಿ ಮೈಗೆ ಬಿಗಿದುಕೊಳ್ಳುತ್ತದೆ, ಮರಿ ತಿರುಗಲಾರದೆ ಒಳಗೇ ಸಾಯುತ್ತದೆ. ಬೇರೆ ಕೋಳಿಗೂ ಇದು ಕಷ್ಟವೇ. ಸಿಲ್ಕಿಗೆ ಇನ್ನೆರಡು ಸೇರಿಕೊಳ್ಳುತ್ತವೆ.

ಒಂದು, ತಲೆಬುರುಡೆ. ದೊಡ್ಡ ತುರಾಯಿಯ ಸಾಲುಗಳಲ್ಲಿ ಅನೇಕ ಮರಿಗಳ ನೆತ್ತಿಯಲ್ಲಿ ಗೋಲಿಯಂಥ ಉಬ್ಬು ಇರುತ್ತದೆ. ಅಲ್ಲಿ ಎಲುಬು ಪೂರ್ತಿ ಮುಚ್ಚಿರುವುದಿಲ್ಲ, ಮೆದುಳಿನ ಭಾಗ ತೆಳು ಚರ್ಮದಡಿಗೇ ಬಂದಿರುತ್ತದೆ. ಬೆರಳ ತುದಿ ಮೆಲ್ಲಗೆ ತಾಗಿಸಿದರೂ ಗೊತ್ತಾಗುತ್ತದೆ. ಇಕ್ಕಟ್ಟಿನ ತಟ್ಟೆಯಲ್ಲಿ ಮೊದಲು ಬಂದ ಮರಿಗಳು ಹಿಂದಿನವನ್ನು ತುಳಿಯುತ್ತವೆ, ಕುಕ್ಕುತ್ತವೆ. ಆ ಜಾಗಕ್ಕೆ ಬಿದ್ದ ಪೆಟ್ಟಿನಿಂದ ಕುತ್ತಿಗೆ ಹಿಂದಕ್ಕೆ ತಿರುಚಿಕೊಳ್ಳಬಹುದು. ಅಂಥ ಮರಿಯನ್ನು ಕೂಡಲೇ ಬೇರ್ಪಡಿಸಿ ವಿಟಮಿನ್ ಇ, ಬಿ ಗುಂಪಿನ ವಿಟಮಿನ್ ಮತ್ತು ಅತ್ಯಲ್ಪ ಸೆಲೆನಿಯಂ ಕೊಡುವ ರೂಢಿ ಇದೆ. ಕೆಲವು ಚೇತರಿಸಿಕೊಳ್ಳುತ್ತವೆ, ಎಲ್ಲವೂ ಅಲ್ಲ.

ಎರಡು, ಗುರುತು. ಮೂರು ಜೋಡಿಯ ಮರಿಗಳು ಒಂದೇ ತಟ್ಟೆಯಲ್ಲಿ ಬೆರೆತರೆ ಆಮೇಲೆ ಯಾವುದರ ತಂದೆ ಯಾವುದೆಂದು ಹೇಳುವವರಿಲ್ಲ. ಬೂದುನೀಲಿಗೆ ಬೂದುನೀಲಿ ಕೂಡಿಸಿದರೆ ಸರಾಸರಿ ಕಾಲುಭಾಗ ಕಪ್ಪು, ಅರ್ಧ ಬೂದುನೀಲಿ, ಕಾಲುಭಾಗ ಸ್ಪ್ಲ್ಯಾಶ್ (ತೆಳುಬಣ್ಣದ ಮೇಲೆ ಬೂದುನೀಲಿ ಎರಚಿದಂಥದು) ಬರುತ್ತವೆ, ಆದ್ದರಿಂದ ಬಣ್ಣ ನೋಡಿ ಜೋಡಿ ಹೇಳಲಾಗದು. ವಂಶಾವಳಿ ತಪ್ಪಿದರೆ ಮುಂದಿನ ವರ್ಷದ ಜೋಡಣೆಯೆಲ್ಲ ಕುರುಡಾಟ.

ಹೀಗಾಗಿ 18ನೇ ದಿನ ಮೊಟ್ಟೆಗಳನ್ನು ಇನ್ನೊಂದು ಪೆಟ್ಟಿಗೆಗೆ ಬದಲಿಸುವುದೇ ದಾರಿ. ಹೊರಳಿಸುವ ಮೋಟರಿಲ್ಲದ ಸಾದಾ ಯಂತ್ರ ಸಾಕು. ಒಳಗೆ ಪ್ಲಾಸ್ಟಿಕ್ ಜಾಲರಿಯ ಪುಟ್ಟ ಬುಟ್ಟಿಗಳು, ಜೋಡಿಗೊಂದರಂತೆ, ಮುಚ್ಚಳ ಸಮೇತ. ಬುಟ್ಟಿಯ ತಳಕ್ಕೆ ಕಪಾಟಿಗೆ ಹಾಸುವ ರಬ್ಬರಿನ ಒರಟು ಚಾಪೆ ಹಾಕಿ; ನುಣುಪು ತಳದಲ್ಲಿ ಮರಿಯ ಕಾಲು ಎರಡು ಕಡೆಗೆ ಜಾರಿ ಕೆಡುತ್ತದೆ. ಎರಡನೇ ಯಂತ್ರ ಬೇಡವೆನ್ನುವವರು, ಆ ಹೊತ್ತಿಗೆ ಗಟ್ಟಿಯಾಗಿ ಕಾವು ಕೂತಿರುವ ಹೇಂಟೆಯಿದ್ದರೆ ರಾತ್ರಿ ಅದರಡಿಗೆ ಒಂದೇ ಜೋಡಿಯ ಆರು ಮೊಟ್ಟೆ ಸರಿಸಬಹುದು. ಬಹಳ ಸಲ ಯಂತ್ರಕ್ಕಿಂತ ಅದರ ಫಲವೇ ಚೆನ್ನ.

ಮರಿಗಳು ಒಣಗಿ ಉಬ್ಬಿದ ಮೇಲೆ, ಬುಟ್ಟಿಯಿಂದ ಎತ್ತುವಾಗಲೇ ಒಂದೊಂದನ್ನೂ ಪರೀಕ್ಷಿಸಿ. ಕಾಲಿಗೆ ಐದು ಬೆರಳು ಇರಬೇಕು. ಐದನೆಯದು ನಾಲ್ಕನೆಯದಕ್ಕೆ ಅಂಟದೆ, ಬೇರೆಯಾಗಿ ಮೇಲಕ್ಕೆ ಬಾಗಿರಬೇಕು. ಒಂದು ಕಾಲಿಗೆ ಐದು, ಇನ್ನೊಂದಕ್ಕೆ ನಾಲ್ಕೋ ಆರೋ ಇರುವುದೂ ಉಂಟು. ಚರ್ಮ ಕಪ್ಪಾಗಿರಬೇಕು, ಬೆರಳುಗಳಲ್ಲಿ ಗುಲಾಬಿ ಕಲೆ ಇರಬಾರದು. ಕೊಕ್ಕಿನ ಮೇಲೆ ಮಾಂಸದ ಜುಟ್ಟು ಅಗಲವಾಗಿ ಚಪ್ಪಟೆಯಾಗಿದ್ದರೆ ಮುಂದೆ ಅಕ್ರೋಟಿನಂತೆ ಮಡಿಕೆಯಾಗುತ್ತದೆ. ತೆಳುವಾಗಿ ಗರಗಸದಂತೆ ನೇರ ನಿಂತಿದ್ದರೆ ಅದು ಪ್ರದರ್ಶನಕ್ಕೆ ಸಲ್ಲದು. ಗಡ್ಡದ ಸಾಲಾದರೆ ಕೆನ್ನೆಯ ಉಬ್ಬು ಅಂದೇ ಕಾಣುತ್ತದೆ. ನಡುಬೆರಳ ಮೇಲೂ ರೋಮ ಇಳಿದಿದೆಯೇ ನೋಡಿ. ಗುರುತಿಗೆ ಬೆರಳ ಸಂದಿನ ಪೊರೆಗೆ ರಂಧ್ರ ಹಾಕುವ ಪುಟ್ಟ ಪಂಚ್ ಬಳಸಿ: ಎರಡು ಕಾಲು ಸೇರಿ ನಾಲ್ಕು ಸಂದು, ಅದರಲ್ಲಿ 16 ಬಗೆಯ ಗುರುತು ಸಾಧ್ಯ. ಕತ್ತರಿಸಿದ ಚೂರು ಪೂರ್ತಿ ಬಿದ್ದಿದೆಯೇ ಎಂದು ನೋಡಿಕೊಳ್ಳಿ, ಅಂಟಿಕೊಂಡಿದ್ದರೆ ರಂಧ್ರ ಮುಚ್ಚಿಹೋಗುತ್ತದೆ.

ಒಡೆಯದೆ ಉಳಿದ ಮೊಟ್ಟೆಗಳನ್ನು ಎಸೆಯುವ ಮೊದಲು ಒಡೆದು ನೋಡಿ, ಯಂತ್ರದ ತಪ್ಪು ಅಲ್ಲಿ ಸಿಗುತ್ತದೆ. ಮರಿ ಊದಿಕೊಂಡು ಒದ್ದೆಯಾಗಿದ್ದು ಮೊಟ್ಟೆಯ ಅಗಲ ತುದಿಯಲ್ಲಿರುವ ಗಾಳಿಗೂಡು ಚಿಕ್ಕದಿದ್ದರೆ ಮೊದಲ 18 ದಿನ ತೇವ ಹೆಚ್ಚಾಗಿತ್ತು. ಎಲ್ಲ ಮರಿಗಳೂ 20ನೇ ದಿನಕ್ಕೆ ಮುಂಚೆಯೇ ಬಂದು ಹೊಕ್ಕುಳು ಸರಿಯಾಗಿ ಮುಚ್ಚಿರದಿದ್ದರೆ ಕಾವು ಹೆಚ್ಚಾಗಿತ್ತು, 22 ದಾಟಿದರೆ ಕಡಿಮೆಯಾಗಿತ್ತು.

ಕೊಳ್ಳುವಾಗ ಥರ್ಮೋಕೋಲಿನ ಪೆಟ್ಟಿಗೆಗಿಂತ ಗಟ್ಟಿ ಪ್ಲಾಸ್ಟಿಕ್ಕಿನದೇ ಮೇಲು. ಥರ್ಮೋಕೋಲಿನ ರಂಧ್ರಗಳಲ್ಲಿ ಸೇರಿದ ಕೊಳೆ ಎಷ್ಟು ಉಜ್ಜಿದರೂ ಬಿಡದು. ಫ್ಯಾನಿನ ಜಾಲರಿ ಸ್ಕ್ರೂ ಬಿಚ್ಚಿ ತೆಗೆಯುವಂತಿರಲಿ: ಸಿಲ್ಕಿ ಮರಿಯ ಹುಡಿರೋಮ ಅಲ್ಲೇ ಹೋಗಿ ಕೂರುತ್ತದೆ, ಎರಡು ಸಲ ಮರಿ ಮಾಡಿಸುವಷ್ಟರಲ್ಲಿ ಗಾಳಿ ಕುಂದಿ ಮೂಲೆಗಳು ತಣ್ಣಗಾಗುತ್ತವೆ. ಪ್ರತಿ ಸಲವೂ ಒಣ ಬ್ರಷ್ಷಿನಿಂದ ರೋಮ ತೆಗೆದು, ತಟ್ಟೆ ಮತ್ತು ತಳವನ್ನು ಸೋಪಿನ ನೀರಲ್ಲಿ ತೊಳೆದು, ತೆಳು ಬ್ಲೀಚ್ ದ್ರಾವಣದಲ್ಲಿ ಹತ್ತು ನಿಮಿಷ ನೆನೆಸಿ. ಮೋಟರಿರುವ ಮುಚ್ಚಳಕ್ಕೆ ನೀರು ಸೋಕದಿರಲಿ. ಪೂರ್ತಿ ಒಣಗಿದ ಮೇಲಷ್ಟೇ ಮುಚ್ಚಿ ಎತ್ತಿಡಿ.