ಗುಂಪು ಕಟ್ಟೋಕೆ ವಾಟ್ಸಾಪಾ, ಟೆಲಿಗ್ರಾಮಾ?

ಕನ್ನಡದಲ್ಲಿ ಕೋಡಿಂಗ್ ಕಲಿಯುವವರಿಗೆ ಒಂದು ಗುಂಪು ಮಾಡಬೇಕು ಅಂತಿದ್ದೀರಾ? ವಾಟ್ಸಾಪ್ ಹೇಗೂ ಎಲ್ಲರ ಫೋನಿನಲ್ಲಿದೆ. ಆದರೆ 1024 ಜನಕ್ಕೆ ಬಾಗಿಲು ಮುಚ್ಚುತ್ತದೆ, ಗುರುತಿಲ್ಲದವರಿಗೂ ನಿಮ್ಮ ನಂಬರ್ ಕಾಣುತ್ತದೆ. ಹೆಣ್ಣುಮಕ್ಕಳು ಅಲ್ಲಿ ಸುಮ್ನೆ ಕೂರೋದಕ್ಕೆ ಇದೂ ಒಂದು ಕಾರಣ ಅಂತ ನನಗನಿಸುತ್ತದೆ. ನಾನಿದ್ದ ಒಂದು ಗುಂಪಿನಲ್ಲಿ ರಾತ್ರಿ ಯಾರೋ ಕೇಳಿದ ಪೈಥಾನ್ (ಒಂದು ಕೋಡಿಂಗ್ ಭಾಷೆ) ಪ್ರಶ್ನೆ, ಬೆಳಗಾಗುವಷ್ಟರಲ್ಲಿ ಗುಲಾಬಿ ಹೂವಿನ ಶುಭೋದಯಗಳ ನಡುವೆ ಹೂತುಹೋಗಿತ್ತು.

ಟೆಲಿಗ್ರಾಮಿನಲ್ಲಿ 2 ಲಕ್ಷ ಜನ ಸೇರಬಹುದು, ನಂಬರ್ ಬಚ್ಚಿಡಬಹುದು, ಹೊಸಬರಿಗೆ ಹಳೇ ಮಾತುಕತೆ ಕಾಣುವಂತೆ ಇಡಬಹುದು, ಹಾಗಾಗಿ ಕೇಳಿದ್ದನ್ನೇ ಕೇಳೋರು ಕಡಿಮೆ. ಸ್ಪ್ಯಾಮ್ ಕಾಟ ಮಾತ್ರ ಜಾಸ್ತಿ. ಅಲ್ಲಿನ ಗುಂಪುಗಳಿಗೆ ವಾಟ್ಸಾಪಿನಂಥ ಎಂಡ್-ಟು-ಎಂಡ್ ಎನ್‌ಕ್ರಿಪ್ಶನ್ (ಕಳಿಸಿದವರು, ಪಡೆದವರು ಬಿಟ್ಟು ಕಂಪನಿಯವರೂ ಓದಲಾಗದ ಬೀಗ) ಇಲ್ಲ, ಗುಟ್ಟು ಮಾತಾಡಬೇಡಿ. 30 ಜನ ಗೆಳೆಯರಾದರೆ ವಾಟ್ಸಾಪೇ ಸಾಕು. ಕಲಿಯೋರ ಸಂತೆಯಾದರೆ ನನ್ನ ಓಟು ಟೆಲಿಗ್ರಾಮಿಗೆ.