ಸರ್ಕಾರಿ ಹೈಸ್ಕೂಲಾ, ಆದರ್ಶ ವಿದ್ಯಾಲಯವಾ? ಕಲಬುರಗಿಯ ಪಾಲಕರಿಗೆ

ಆದರ್ಶ ವಿದ್ಯಾಲಯ ಅಂದರೆ ಸರ್ಕಾರದ್ದೇ ಇಂಗ್ಲಿಷ್ ಮಾಧ್ಯಮ ಶಾಲೆ. ಅದಕ್ಕೆ ಆರನೇ ತರಗತಿಗೇ ಸೇರಬೇಕು, ಅದಕ್ಕೆ ಪ್ರವೇಶ ಪರೀಕ್ಷೆ ಬೇರೆ. ಸರ್ಕಾರಿ ಹೈಸ್ಕೂಲಿಗೆ ಎಂಟನೇ ತರಗತಿಗೆ ನೇರ ಪ್ರವೇಶ. ಏಳನೇದು ಮುಗಿದ ಮೇಲೆ ಯೋಚಿಸಲು ಕೂತರೆ ಆಯ್ಕೆ ಬಹುಪಾಲು ಮುಗಿದೇ ಹೋಗಿರುತ್ತದೆ.

ಪಾಲಕರು ಆದರ್ಶ ಬೇಕು ಅನ್ನುವುದು ಹೆಚ್ಚಾಗಿ ಇಂಗ್ಲಿಷ್ ಮಾಧ್ಯಮಕ್ಕೆ. ಮಕ್ಕಳನ್ನು ಕೇಳಿ ನೋಡಿ, ಅವರ ಮಾತೇ ಬೇರೆ. ಬಸ್ಸು ಹೊತ್ತಿಗೆ ಸರಿಯಾಗಿ ಬರುತ್ತಾ? ಗಣಿತದ ಸರ್ ಇದ್ದಾರಾ? ಹುಡುಗಿಯರ ಶೌಚಾಲಯದಲ್ಲಿ ನೀರು ಇರುತ್ತಾ? ನನಗೆ ಮಕ್ಕಳ ಪ್ರಶ್ನೆಗಳೇ ಜಾಸ್ತಿ ಸರಿ ಅನ್ನಿಸುತ್ತವೆ. ಕನ್ನಡದಲ್ಲಿ ವಿಜ್ಞಾನ ಅರ್ಥ ಮಾಡಿಕೊಂಡ ಮಗು, ಇಂಗ್ಲಿಷಿನಲ್ಲಿ ಸುಮ್ನೆ ಬಾಯಿಪಾಠ ಹೊಡೆಯುವ ಮಗುವಿಗಿಂತ ಮುಂದೆ ಇರುತ್ತದೆ ಅಲ್ವಾ?

ಬಿಸಿಯೂಟ ಎರಡೂ ಕಡೆ ಇದೆ, ಅದರಲ್ಲಿ ಹೋಲಿಸಲು ಏನಿಲ್ಲ. ಓಡಾಟದ ದೂರ ನೋಡಿದರೆ ಮಾತ್ರ ಹೈಸ್ಕೂಲೇ ಮೇಲು. ಆದರ್ಶ ಶಾಲೆಗಳು ಕಡಿಮೆ, ಹಳ್ಳಿ ಮಕ್ಕಳು ದಿನಾ ಓಡಾಡಬೇಕು.

ಇನ್ನು ಫಲಿತಾಂಶ. 2025ರ ಎಸ್ಸೆಸ್ಸೆಲ್ಸಿ ಪರೀಕ್ಷೆ-1ರಲ್ಲಿ ಕಲಬುರಗಿ ಜಿಲ್ಲೆಗೆ ಶೇ. 42.43, ರಾಜ್ಯದಲ್ಲೇ ಕೊನೆ. ಇದನ್ನು ತೋರಿಸಿ ಸರ್ಕಾರಿ ಶಾಲೆಯನ್ನು ಬೈಯುವವರು ಬಹಳ. ಆದರೆ ಆ ಲೆಕ್ಕದಲ್ಲಿ ಖಾಸಗಿ ಶಾಲೆಗಳೂ ಇವೆ. ಜಿಲ್ಲೆಯ ಅಂಕಿ ಬಿಡಿ, ನೀವು ನೋಡುತ್ತಿರುವ ಶಾಲೆಯ ಮೂರು ವರ್ಷದ ಫಲಿತಾಂಶವನ್ನು ಹೆಡ್ ಮಾಸ್ಟರ್ ಹತ್ತಿರ ಕೇಳಿ. ಕಾಯಂ ಶಿಕ್ಷಕರು ಎಷ್ಟು, ಅತಿಥಿ ಶಿಕ್ಷಕರು ಎಷ್ಟು ಅಂತಲೂ ಕೇಳಿ.