ಜಿಮ್ನಿ ಮ್ಯಾನುಯಲ್: ಎರಡು ವರ್ಷ ಕೆಸರು, ನಾಲೆ ಏರಿ, ಮರಳಲ್ಲಿ ಓಡಿಸಿದ ಮೇಲೆ ಗೇರು-ಕ್ಲಚ್ಚಿನ ಲೆಕ್ಕ

ಮಂಡ್ಯ, ಪಾಂಡವಪುರ, ಶ್ರೀರಂಗಪಟ್ಟಣ ಸುತ್ತಿನ ನಾಲೆ ಏರಿಗಳು, ಗದ್ದೆ ದಾರಿ, ಕಬ್ಬಿನ ಟ್ರ್ಯಾಕ್ಟರ್ ಕೊರೆದ ಜಾಡು, ನಡುನಡುವೆ ಮೈಸೂರಿನ ಟ್ರಾಫಿಕ್. ಎರಡು ವರ್ಷ ದಾಟಿದ ಈ ಬಳಕೆಯ ಮೇಲೆ ಬರೆದದ್ದು ಇದು. ಗಾಡಿ ಮಾರುತಿ ಸುಜುಕಿ ಜಿಮ್ನಿ, ಐದು ಗೇರಿನ ಮ್ಯಾನುಯಲ್. ಸೀಟು, ಸ್ಕ್ರೀನು, ಡಿಕ್ಕಿ ಜಾಗದ ಬಗ್ಗೆ ಈಗಾಗಲೇ ಬೇಕಾದಷ್ಟು ಬಂದಿದೆ. ಇಲ್ಲಿ ಗೇರ್, ಕ್ಲಚ್, ಎಂಜಿನ್ ಬಲವನ್ನು ಮುಂದಿನ-ಹಿಂದಿನ ಚಕ್ರಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸ್ ಮಾತ್ರ.

ಕಚ್ಚಾ ದಾರಿಗೆ ಇಳಿಯುವ ಮುನ್ನವೇ ಸರಿಯಾದ ಗೇರ್ ಹಾಕಿ, ಎಡಗಾಲನ್ನು ಕ್ಲಚ್‌ನಿಂದ ಪೂರ್ತಿ ತೆಗೆದು ಪಕ್ಕಕ್ಕಿಡಿ. ಈ ಗಾಡಿಯ ಒಳ್ಳೆಯತನವೆಲ್ಲ ಅಲ್ಲಿಂದಾಚೆಗೆ ತಿಳಿಯುತ್ತದೆ. ಹಾಫ್ ಕ್ಲಚ್‌ನಲ್ಲಿ ವೇಗ ನಿಭಾಯಿಸಲು ಹೋದವರಿಗೆ ಇದು ಕೊನೆಯವರೆಗೂ ಅರ್ಥವಾಗುವುದಿಲ್ಲ, ಕ್ಲಚ್ ಪ್ಲೇಟೂ ಉಳಿಯುವುದಿಲ್ಲ.

ಕಾರಣ ಅನುಪಾತದಲ್ಲಿದೆ. ಎಂಜಿನ್ 1.5 ಲೀಟರ್ ಪೆಟ್ರೋಲ್, ಟರ್ಬೊ ಇಲ್ಲ, 134 ನ್ಯೂಟನ್ ಮೀಟರ್ ಟಾರ್ಕ್, ಅದೂ 4,000 ಆರ್‌ಪಿಎಂನಲ್ಲಿ. ಕೆಳಗಿನ ಆರ್‌ಪಿಎಂನಲ್ಲಿ ಡೀಸೆಲ್ ಜೀಪಿನಂತೆ ಎದೆಗೊತ್ತಿ ಎಳೆಯುವ ಜಾತಿಯಲ್ಲ. ಆ ಕೊರತೆ ತುಂಬುವುದು ಗೇರ್. ಒಂದನೇ ಗೇರ್ 4.425, ಟ್ರಾನ್ಸ್‌ಫರ್ ಕೇಸಿನ ಲೋ ರೇಂಜ್ (ವೇಗ ತಗ್ಗಿಸಿ ಬಲ ಹೆಚ್ಚಿಸುವ ಗೇರ್) 2.002, ಡಿಫರೆನ್ಶಿಯಲ್ (ಆಕ್ಸಲ್ ನಡುವೆ ಕೂತು ಎಡ-ಬಲ ಚಕ್ರಗಳಿಗೆ ಬಲ ಹಂಚುವ ಗೇರ್) 4.090. ಮೂರನ್ನೂ ಗುಣಿಸಿದರೆ ಸುಮಾರು 36. ಅಂದರೆ ಎಂಜಿನ್ 36 ಸುತ್ತು ತಿರುಗಿದಾಗ ಚಕ್ರ ಒಂದು ಸುತ್ತು. ಕಂಪನಿಯಿಂದ ಬರುವ 195/80 ಆರ್15 ಟೈರಿನ ಸುತ್ತಳತೆ 2.18 ಮೀಟರ್ ಆಸುಪಾಸು. ಎಂಜಿನ್ 800 ಆರ್‌ಪಿಎಂನಲ್ಲಿ ತಿರುಗುತ್ತಿದ್ದರೆ ಗಾಡಿಯ ವೇಗ ಗಂಟೆಗೆ 3 ಕಿ.ಮೀ.ಗೂ ಒಂದಿಷ್ಟು ಕಡಿಮೆ. ಪಕ್ಕದಲ್ಲಿ ನಡೆದುಕೊಂಡು ಬರುವವರು ನಿಮ್ಮನ್ನು ಹಿಂದೆ ಹಾಕುತ್ತಾರೆ. ಆಕ್ಸಲರೇಟರ್ ಮುಟ್ಟುವ ಅಗತ್ಯವೇ ಇಲ್ಲ. ಕಲ್ಲೋ ಬದುವೋ ಎದುರಾಗಿ ಹೊರೆ ಬಿದ್ದರೆ ಎಂಜಿನ್ ತಾನೇ ಒಂದಿಷ್ಟು ಗಾಳಿ, ಇಂಧನ ಹೆಚ್ಚಿಸಿಕೊಂಡು ಸಂಭಾಳಿಸುತ್ತದೆ. ಗಾಡಿಯ ತೂಕ 1,200 ಕೆ.ಜಿ. ಸುತ್ತಮುತ್ತ ಇರುವುದರಿಂದ ಅಷ್ಟೇ ಸಾಕು.

ಇದೇ ಲೆಕ್ಕದಿಂದ ಇನ್ನೊಂದು ಉಪಯುಕ್ತ ಸಂಗತಿ ಹೊರಡುತ್ತದೆ. 4ಎಲ್‌ನಲ್ಲಿ (ನಾಲ್ಕು ಚಕ್ರಕ್ಕೂ ಬಲ, ಲೋ ರೇಂಜ್) ಎರಡನೇ ಗೇರ್ ಅಂದರೆ ಒಟ್ಟು 18.9, ಮಾಮೂಲಿ 2ಎಚ್‌ನ (ಹಿಂದಿನ ಎರಡು ಚಕ್ರಕ್ಕೆ ಮಾತ್ರ ಬಲ) ಒಂದನೇ ಗೇರ್ 18.1. ಎರಡೂ ಹತ್ತಿರಹತ್ತಿರ ಒಂದೇ. ಹಾಗಾಗಿ 4ಎಲ್‌ನಲ್ಲಿ ಮಣ್ಣಿನ ದಾರಿಯನ್ನು ಎರಡನೇ ಗೇರಿನಲ್ಲೇ ಶುರು ಮಾಡಿ. ಒಂದನೆಯದನ್ನು ಕಲ್ಲು, ಕಡಿದಾದ ಏರು, ಇಳಿಜಾರಿಗೆ ಮೀಸಲಿಡಿ. ಒಂದನೇ ಗೇರಿನಲ್ಲಿ ದಾರಿ ಕುಲುಕಿದರೆ ಬಲಗಾಲೂ ಕುಲುಕುತ್ತದೆ, ಆಕ್ಸಲರೇಟರ್ ಒತ್ತಿ ಬಿಟ್ಟು ಒತ್ತಿ ಬಿಟ್ಟು ಗಾಡಿ ಕಪ್ಪೆ ಕುಪ್ಪಳಿಸಿದಂತೆ ಹಾರುತ್ತದೆ. ಹಿಮ್ಮಡಿಯನ್ನು ನೆಲಕ್ಕೆ ಗಟ್ಟಿಯಾಗಿ ಊರಿ, ಪಾದದ ಅಂಚನ್ನು ಪಕ್ಕದ ಗೋಡೆಗೆ ಆನಿಸಿ, ಬೆರಳುಗಳಿಂದ ಮಾತ್ರ ಒತ್ತಿದರೆ ಅರ್ಧಕ್ಕರ್ಧ ಕಡಿಮೆಯಾಗುತ್ತದೆ. ಎರಡನೇ ಗೇರಿಗೆ ಹೋದರೆ ಉಳಿದದ್ದೂ ನಿಲ್ಲುತ್ತದೆ.

ಗೇರ್ ರಾಡ್ ಬಗ್ಗೆ: ಗೇರ್‌ಬಾಕ್ಸ್ ಉದ್ದುದ್ದಕ್ಕೆ ಕೂತಿದೆ, ರಾಡ್ ನೇರ ಅದರ ಮೇಲೇ ನಿಂತಿದೆ. ಹಾಗಾಗಿ ಐಡ್ಲಿಂಗ್‌ನಲ್ಲಿ ಗುಂಡಿ ಸಣ್ಣಗೆ ನಡುಗುತ್ತದೆ, ಎಳೆತ ಉದ್ದ. ಸ್ವಿಫ್ಟ್‌ನಿಂದ ಬಂದವರಿಗೆ ಒರಟು ಅನ್ನಿಸಬಹುದು. ಆದರೆ ಹಲ್ಲು ಕೂತಿತೋ ಇಲ್ಲವೋ ಅಂಗೈಗೇ ಗೊತ್ತಾಗುತ್ತದೆ. ಕಣ್ಣು ದಾರಿ ಮೇಲಿರಬೇಕಾದ ಜಾಗದಲ್ಲಿ ಇದಕ್ಕಿಂತ ದೊಡ್ಡ ಅನುಕೂಲ ಇಲ್ಲ. ಪಕ್ಕದ ಟ್ರಾನ್ಸ್‌ಫರ್ ಕೇಸ್ ರಾಡೂ ಹಾಗೆಯೇ, ಬಟನ್ ಇಲ್ಲ. 2ಎಚ್‌ನಿಂದ 4ಎಚ್‌ಗೆ (ನಾಲ್ಕು ಚಕ್ರಕ್ಕೂ ಬಲ, ಲೋ ರೇಂಜ್ ಇಲ್ಲದೆ) ನೇರ ದಾರಿಯಲ್ಲಿ ಓಡುತ್ತಿರುವಾಗಲೇ ಹಾಕಬಹುದು. 4ಎಲ್‌ಗೆ ಗಾಡಿ ಪೂರ್ತಿ ನಿಲ್ಲಬೇಕು: ಗೇರ್ ನ್ಯೂಟ್ರಲ್, ಕ್ಲಚ್ ತಳದವರೆಗೆ, ರಾಡನ್ನು ಕೆಳಕ್ಕೆ ಒತ್ತಿ ಹಿಂದಕ್ಕೆ ಎಳೆಯಬೇಕು. ಕೂರದಿದ್ದರೆ ಜಗ್ಗಬೇಡಿ. ಕ್ಲಚ್ ಒಮ್ಮೆ ಬಿಟ್ಟು ಮತ್ತೆ ಒತ್ತಿದರೆ ಒಳಗಿನ ಹಲ್ಲುಗಳು ಜಾಗ ಬದಲಿಸುತ್ತವೆ, ಬೆಣ್ಣೆಯಂತೆ ಕೂರುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತಿ ನಿಂತ ಮೇಲೆಯೇ ಹೊರಡಿ.

ಒಣ ಡಾಂಬರಿನ ಮೇಲೆ 4ಎಚ್, 4ಎಲ್ ಎರಡೂ ಬೇಡ. ಮುಂದಿನ, ಹಿಂದಿನ ಆಕ್ಸಲ್‌ಗಳ ನಡುವೆ ಡಿಫರೆನ್ಶಿಯಲ್ ಇಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹೆಚ್ಚು ದೂರ ಉರುಳಬೇಕು, ಡಾಂಬರು ಜಾರಲು ಬಿಡುವುದಿಲ್ಲ, ಬಿಗಿತವೆಲ್ಲ ಶಾಫ್ಟಿನಲ್ಲೇ ಸುತ್ತಿಕೊಳ್ಳುತ್ತದೆ. ಸ್ಟೀರಿಂಗ್ ಭಾರವಾಗಿ, ರಾಡ್ 4ಎಚ್‌ನಲ್ಲೇ ಕಚ್ಚಿಕೊಂಡರೆ ಅದರ ಕಾರಣ ಇದೇ. ನೇರಕ್ಕೆ ಏಳೆಂಟು ಅಡಿ ರಿವರ್ಸ್ ತೆಗೆದರೆ ಸಡಿಲಾಗುತ್ತದೆ.

ಈ ಕಡೆಯ ನಿಜವಾದ ಪರೀಕ್ಷೆ ಗದ್ದೆಯಿಂದ ನಾಲೆ ಏರಿಗೆ ಹತ್ತುವ ಗಿಡ್ಡ ದಿಣ್ಣೆ. ಉದ್ದ ಇಪ್ಪತ್ತು ಅಡಿಯೂ ಇರುವುದಿಲ್ಲ, ಆದರೆ ಕೆಂಪುಮಣ್ಣು ನೆಂದಿರುತ್ತದೆ, ಮೇಲೆ ಕಬ್ಬಿನ ತರಗು ಬಿದ್ದು ಸೋಪು ಸವರಿದಂತಿರುತ್ತದೆ, ಹತ್ತಿದ ತಕ್ಷಣ ಏರಿ ಮೇಲೆ ತಿರುಗಬೇಕು, ಆಚೆ ಬದಿ ನೀರು. ಮೊದಲು ಇಳಿದು ನಡೆದು ನೋಡಿ: ಟ್ರ್ಯಾಕ್ಟರ್ ಜಾಡಿನ ನಡುದಿಬ್ಬ ಎಷ್ಟೆತ್ತರ, ಏರಿಯ ಅಂಚು ಗಟ್ಟಿಯೋ ಪೊಳ್ಳೋ. ಗ್ರೌಂಡ್ ಕ್ಲಿಯರೆನ್ಸ್ 210 ಮಿ.ಮೀ., ಡಿಫರೆನ್ಶಿಯಲ್ ಗುಂಡು ನಡುದಿಬ್ಬಕ್ಕೆ ತಾಗುವಂತಿದ್ದರೆ ಜಾಡು ಬಿಟ್ಟು ಒಂದು ಚಕ್ರ ದಿಬ್ಬದ ಮೇಲೇರಿಸಿ ಹತ್ತಬೇಕು. ಕೆಳಗೆ ಸಮತಟ್ಟಿನಲ್ಲೇ 4ಎಲ್, ಎರಡನೇ ಗೇರ್. ಕ್ಲಚ್ ಬಿಟ್ಟು, 1,500ರಿಂದ 2,000 ಆರ್‌ಪಿಎಂ ಹಿಡಿದು ಅಲುಗಾಡದೆ ಹತ್ತಿ. ಮೇಲೆ ನಿಂತವರು "ರೇಸ್ ಕೊಡಿ ಅಣ್ಣಾ, ರೇಸ್ ಕೊಡಿ" ಅನ್ನುತ್ತಾರೆ. ಕೊಡಬೇಡಿ. ಚಕ್ರ ಸುತ್ತಿದಷ್ಟೂ ತರಗಿನಡಿಯ ಮಣ್ಣು ನುಣ್ಣಗಾಗುತ್ತದೆ, ಜೊತೆಗೆ ತುದಿ ತಲುಪಿದಾಗ ಬೇಡದ ವೇಗ ಕೈಯಲ್ಲಿರುತ್ತದೆ. 2018ರ ನವೆಂಬರ್‌ನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸು ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಉರುಳಿ 30 ಜನ ಸತ್ತರು. ಈ ನಾಲೆಗಳ ಪಕ್ಕ ಓಡಿಸುವವರು ಅದನ್ನು ಮರೆಯಬಾರದು. ತುದಿಗೆ ಬರುತ್ತಿದ್ದಂತೆ ಆಕ್ಸಲರೇಟರ್ ಬಿಡಿ, ನಡೆಯುವ ವೇಗಕ್ಕಿಂತ ಹೆಚ್ಚು ವೇಗ ಏರಿ ತಿರುವಿಗೆ ಬೇಡವೇ ಬೇಡ.

ಕರ್ಣದ ಎರಡು ಚಕ್ರ ಗಾಳಿಗೆ ಎದ್ದು ಸುತ್ತತೊಡಗಿದರೆ ಎಡಗಾಲು ತಾನಾಗಿ ಕ್ಲಚ್ಚಿಗೆ ಹೋಗುತ್ತದೆ. ತಡೆಯಿರಿ. ಇದರಲ್ಲಿ ಎಡ-ಬಲ ಚಕ್ರಗಳನ್ನು ಒಟ್ಟಿಗೇ ತಿರುಗಿಸುವ ಡಿಫರೆನ್ಶಿಯಲ್ ಲಾಕ್ ಇಲ್ಲ. ಸುತ್ತುವ ಚಕ್ರಕ್ಕೆ ಗಾಡಿಯೇ ಬ್ರೇಕ್ ಹಾಕಿ ಇನ್ನೊಂದರ ಕಡೆ ಬಲ ದಾಟಿಸುವ ವ್ಯವಸ್ಥೆ ಇದೆ. ಅದು ಕೆಲಸ ಮಾಡಲು ಚಕ್ರ ಒಂದಿಷ್ಟು ಸುತ್ತಲೇಬೇಕು. 2,000 ಆರ್‌ಪಿಎಂ ಆಸುಪಾಸು ಹಿಡಿದು ಕಾಯಿರಿ, ಕಟಕಟ ಸದ್ದು ಕೇಳುತ್ತದೆ, ಗಾಡಿ ನಿಧಾನಕ್ಕೆ ಮುಂದೆ ಜರುಗುತ್ತದೆ. ನಡುವೆ ಕ್ಲಚ್ ಒತ್ತಿದರೆ ಮೊದಲಿಂದ ಶುರು.

ಏರಿನ ಮಧ್ಯೆ ಎಂಜಿನ್ ನಿಂತರೆ ಮಾಡಬೇಕಾದ್ದು ಇಷ್ಟು. ಬ್ರೇಕ್ ಗಟ್ಟಿ ಒತ್ತಿ, ಹ್ಯಾಂಡ್‌ಬ್ರೇಕ್ ಎಳೆಯಿರಿ. ಕ್ಲಚ್ ಒತ್ತಿ ರಿವರ್ಸ್ ಹಾಕಿ. ಹಾಗೇ ಸ್ಟಾರ್ಟ್ ಮಾಡಿ. ಸ್ಟೀರಿಂಗ್ ನೇರ ಇದೆಯೇ ನೋಡಿಕೊಂಡು ಹ್ಯಾಂಡ್‌ಬ್ರೇಕ್ ಇಳಿಸಿ, ಕ್ಲಚ್ ಕಚ್ಚುತ್ತಿದ್ದಂತೆ ಬ್ರೇಕ್ ಬಿಟ್ಟು, ಎರಡೂ ಕಾಲು ಹಿಂದಕ್ಕೆ ತೆಗೆಯಿರಿ. ರಿವರ್ಸ್ ಅನುಪಾತ 5.151, ಒಂದನೇ ಗೇರಿಗಿಂತಲೂ ಹೆಚ್ಚು, ಅಂದರೆ ಇನ್ನೂ ನಿಧಾನ. 4ಎಲ್‌ನಲ್ಲಿ ಒಟ್ಟು 42. ಐಡ್ಲಿಂಗ್‌ನಲ್ಲಿ ಗಂಟೆಗೆ ಎರಡೂವರೆ ಕಿ.ಮೀ. ವೇಗದಲ್ಲಿ ಎಂಜಿನ್ನೇ ಗಾಡಿಯನ್ನು ಹಿಡಿದು ಇಳಿಸುತ್ತದೆ. ನ್ಯೂಟ್ರಲ್ ಮಾಡಿ ಬ್ರೇಕ್ ಮೇಲೆ ಹಿಂದಕ್ಕೆ ಬರುವವರಿದ್ದಾರೆ. ಆಗ ತೂಕವೆಲ್ಲ ಹಿಂದೆ ಇರುತ್ತದೆ, ಹಗುರಾದ ಮುಂದಿನ ಚಕ್ರ ಜಾರಿ ಮೂತಿ ಪಕ್ಕಕ್ಕೆ ತಿರುಗುತ್ತದೆ, ಅಡ್ಡ ನಿಂತ ಗಾಡಿ ಉರುಳುತ್ತದೆ.

ಇಳಿಜಾರಿನಲ್ಲೂ ಅದೇ ಧರ್ಮ: 4ಎಲ್, ಒಂದನೇ ಗೇರ್, ಕ್ಲಚ್‌ನಿಂದ ಕಾಲು ದೂರ. ಇಳಿಯುವ ವೇಗವನ್ನು ತಾನೇ ಹಿಡಿದಿಡುವ ಹಿಲ್ ಡಿಸೆಂಟ್ ಬಟನ್ ಇದೆ, ಆದರೆ ಅದು ಬ್ರೇಕಿನಿಂದಲೇ ಕೆಲಸ ಮಾಡುವುದು. ಮ್ಯಾನುಯಲ್‌ನಲ್ಲಿ ಅದರ ನೆನಪೇ ಬರುವುದಿಲ್ಲ. ಆಟೊಮ್ಯಾಟಿಕ್‌ನ ಲೋ ರೇಂಜ್ ಒಂದನೇ ಗೇರ್ ಒಟ್ಟು ಸುಮಾರು 25 ಮಾತ್ರ, ಎಂಜಿನ್ ಹಿಡಿತ ಅಷ್ಟರಮಟ್ಟಿಗೆ ಕಡಿಮೆ. ಇಲ್ಲಿ ಬಹಳ ಜನಕ್ಕೆ ಗೊತ್ತಿಲ್ಲದ ಅಪಾಯ ಒಂದಿದೆ. 4ಎಲ್ ಒಂದನೇ ಗೇರಿನಲ್ಲಿ ಕ್ಲಚ್ ಒತ್ತಿಕೊಂಡು ಗಾಡಿಯನ್ನು ಇಳಿಜಾರಿಗೆ ಬಿಟ್ಟರೆ ಈಗ ಕ್ಲಚ್ ಪ್ಲೇಟನ್ನು ತಿರುಗಿಸುವುದು ಚಕ್ರ. ಗಂಟೆಗೆ 30 ಕಿ.ಮೀ. ಮುಟ್ಟಿತು ಅಂದರೆ ಪ್ಲೇಟ್ ನಿಮಿಷಕ್ಕೆ 8,300 ಸುತ್ತು. ಟ್ಯಾಕೊಮೀಟರ್ ಐಡ್ಲಿಂಗನ್ನೇ ತೋರಿಸುತ್ತಿರುತ್ತದೆ, ಒಳಗೆ ಲೈನಿಂಗ್ ಸಿಡಿದು ಚೂರಾಗಬಹುದು.

ಚಾಮುಂಡಿ ಬೆಟ್ಟ, ಮೇಲುಕೋಟೆಯಂಥ ಡಾಂಬರು ಇಳಿಜಾರಿಗೆ 2ಎಚ್ ಎರಡನೇ ಗೇರ್ ಸಾಕು. 30 ಕಿ.ಮೀ. ವೇಗದಲ್ಲಿ 2,160 ಆರ್‌ಪಿಎಂ, ಬ್ರೇಕ್ ತಿರುವಿಗೆ ಮಾತ್ರ.

ಮರಳಿನಲ್ಲಿ ಮಾತ್ರ ಮ್ಯಾನುಯಲ್ ಸೋಲುತ್ತದೆ, ಒಪ್ಪಿಕೊಳ್ಳಬೇಕು. ಗೇರ್ ಬದಲಿಸುವ ಅರ್ಧ ಸೆಕೆಂಡಿನಲ್ಲಿ ಮರಳು ಗಾಡಿಯನ್ನು ನಿಲ್ಲಿಸಿಬಿಡುತ್ತದೆ. ಕಾವೇರಿ ದಡದ ಸಡಿಲ ಮರಳಿಗೆ ಟೈರ್ ಗಾಳಿ 15ರಿಂದ 18 ಪಿಎಸ್‌ಐಗೆ ಇಳಿಸಿ, 4ಎಲ್ ಎರಡನೇ ಗೇರಿನಲ್ಲಿ ಹೊರಟು, ಗಟ್ಟಿ ನೆಲದಲ್ಲೇ ಮೂರಕ್ಕೆ ಹಾಕಿ ಮರಳಿಗೆ ಇಳಿಯಿರಿ. ಮೂರನೇ ಗೇರಿನಲ್ಲಿ 3,000 ಆರ್‌ಪಿಎಂಗೆ ಸುಮಾರು 28 ಕಿ.ಮೀ. ವೇಗ ಸಿಗುತ್ತದೆ, ಇನ್ನು ಬದಲಿಸುವ ಅಗತ್ಯ ಬೀಳುವುದಿಲ್ಲ. ನಿಲ್ಲಿಸುವಾಗ ಬ್ರೇಕ್ ಬೇಡ, ಚಕ್ರದ ಮುಂದೆ ಮರಳು ಗುಡ್ಡೆಯಾಗುತ್ತದೆ. ತಾನೇ ಉರುಳಿ ನಿಲ್ಲಲಿ. ಹೂತುಕೊಂಡರೆ ಹಾಫ್ ಕ್ಲಚ್‌ನಲ್ಲಿ ಹಿಂದೆ ಮುಂದೆ ಆಡಿಸುವುದು ಎರಡು ಸಲಕ್ಕಿಂತ ಹೆಚ್ಚು ಬೇಡ. ಸುಟ್ಟ ವಾಸನೆ ಬಂತೋ, ಸನಿಕೆ ಎತ್ತಿಕೊಳ್ಳಿ. ಡಾಂಬರಿಗೆ ಮರಳುವ ಮುನ್ನ ಗಾಳಿ ತುಂಬಿಸಬೇಕು, ಚಿಕ್ಕ ಕಂಪ್ರೆಸರ್ ಗಾಡಿಯಲ್ಲೇ ಇರಲಿ.

ಹಳ್ಳ ದಾಟುವಾಗ ಚಕ್ರದ ನಡುಮಟ್ಟ, ಅಂದರೆ ಒಂದಡಿಯಷ್ಟು ನೀರು ನನ್ನ ಮಿತಿ. 4ಎಲ್ ಎರಡನೇ ಗೇರ್, ದಡದಿಂದ ದಡಕ್ಕೆ ಕ್ಲಚ್ ಮುಟ್ಟಬಾರದು. ಒತ್ತಿದರೆ ಪ್ಲೇಟಿಗೂ ಅದು ಒತ್ತಿ ಕೂರುವ ಎಂಜಿನ್ನಿನ ಫ್ಲೈವೀಲಿಗೂ ನಡುವೆ ಸಂದು ತೆರೆಯುತ್ತದೆ, ಕೆಸರು ನೀರು ಒಳಸೇರಿದರೆ ಜಾರುತ್ತದೆ. ಬಿಸಿ ಆಕ್ಸಲ್ ತಣ್ಣೀರಿಗೆ ಬಿದ್ದಾಗ ಒಳಗಿನ ಗಾಳಿ ಕುಗ್ಗಿ, ಬ್ರೀದರ್ (ಗಾಳಿಯಾಡುವ ಕಿಂಡಿ) ಕೆಸರಿನಿಂದ ಮುಚ್ಚಿದ್ದರೆ ಸೀಲಿನ ಮೂಲಕ ನೀರೆಳೆದುಕೊಳ್ಳುತ್ತದೆ. ಮಾರನೇ ದಿನ ಡಿಫರೆನ್ಶಿಯಲ್‌ನ ಫಿಲ್ಲರ್ ಬೋಲ್ಟ್ ಬಿಚ್ಚಿ ಬೆರಳಿಟ್ಟು ನೋಡಿ. ಎಣ್ಣೆ ಹಾಲು ಬೆರೆಸಿದ ಕಾಫಿಯಂತಿದ್ದರೆ ಅಂದೇ ಬದಲಿಸಿ. ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಮುಂದಿನ ಡಿಫರೆನ್ಶಿಯಲ್, ಹಿಂದಿನ ಡಿಫರೆನ್ಶಿಯಲ್ ಹೀಗೆ ನಾಲ್ಕು ಕಡೆ ಬೇರೆ ಬೇರೆ ಎಣ್ಣೆ ಇದೆ. ಸರ್ವಿಸ್‌ಗೆ ಬಿಟ್ಟಾಗ ನಾಲ್ಕನ್ನೂ ಹೆಸರು ಹಿಡಿದು ಕೇಳಿ.

ಕಬ್ಬಿನ ಗದ್ದೆಗೆ ಹೋಗುವವರು ಇನ್ನೊಂದು ಕೆಲಸ ಮಾಡಲೇಬೇಕು. ಹೊರಗೆ ಬಂದ ಕೂಡಲೇ ಬಗ್ಗಿ ಗಾಡಿಯಡಿ ನೋಡಿ, ಸೈಲೆನ್ಸರ್ ಮತ್ತು ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಸಿಕ್ಕಿಕೊಂಡ ಒಣ ತರಗನ್ನು ಕೋಲಿನಿಂದ ಕಿತ್ತುಹಾಕಿ. ಕೆಂಡದಂಥ ಬಿಸಿಗೆ ತರಗು ಹೊತ್ತಿಕೊಳ್ಳಲು ಹೆಚ್ಚು ಹೊತ್ತು ಬೇಡ.

ಹೆದ್ದಾರಿಯ ಮಾತು ಚುಟುಕು. ಐದನೇ ಗೇರ್ 1.000, 100 ಕಿ.ಮೀ.ಗೆ 3,130 ಆರ್‌ಪಿಎಂ. ಬೆಂಗಳೂರು ದಾರಿಯಲ್ಲಿ ಎಂಜಿನ್ ಸದ್ದು ಕಿವಿಯಲ್ಲೇ ಇರುತ್ತದೆ, 80ರಲ್ಲಿ 2,500ಕ್ಕೆ ಇಳಿದು ಹಿತವಾಗುತ್ತದೆ. ಆರನೇ ಗೇರ್ ಇರಬೇಕಿತ್ತು. ದಸರಾ ದಿನಗಳಲ್ಲಿ ಮೈಸೂರಿನ ಸಯ್ಯಾಜಿರಾವ್ ರಸ್ತೆಯಂಥ ಕಡೆ ಎಡ ಮಂಡಿ ನೋಯುತ್ತದೆ. ದಿನವೂ ಊರೊಳಗೇ ಓಡಾಟ, ಮಣ್ಣಿಗೆ ವರ್ಷಕ್ಕೆ ನಾಲ್ಕು ಸಲ ಅನ್ನುವವರು ಆಟೊಮ್ಯಾಟಿಕ್ಕನ್ನೇ ಕೊಳ್ಳಲಿ. ತೋಟಕ್ಕೆ, ನಾಲೆ ಏರಿಗೆ ವಾರವಾರ ಹೋಗುವವರಿಗೆ ಮ್ಯಾನುಯಲ್ ಬಿಟ್ಟು ಬೇರೆಯದನ್ನು ಹೇಳಲು ನನಗೆ ಮನಸ್ಸು ಬಾರದು.

ಟೈರ್ ದೊಡ್ಡದು ಮಾಡುವ ಮುನ್ನ ಲೆಕ್ಕ ಹಾಕಿ. 235/75 ಆರ್15 ಹಾಕಿದರೆ ವ್ಯಾಸ ಶೇಕಡಾ 6ರಷ್ಟು ಹೆಚ್ಚುತ್ತದೆ, 36 ಇದ್ದ ಅನುಪಾತ 34ರಂತಾಗುತ್ತದೆ, ಹೊರೆ ಬೀಳುವುದು ಕ್ಲಚ್ ಮೇಲೆ. ಸ್ಪೀಡೊಮೀಟರ್ ಕಡಿಮೆ ತೋರಿಸುತ್ತದೆ.

ಸೆಕೆಂಡ್ ಹ್ಯಾಂಡ್ ನೋಡುವವರು ಕ್ಲಚ್ ಪರೀಕ್ಷೆಯನ್ನು ಹೀಗೆ ಮಾಡಿ: ಸಮತಟ್ಟು ನೆಲ, ಎದುರಿಗೆ ಯಾರೂ ಇರಬಾರದು, ಹ್ಯಾಂಡ್‌ಬ್ರೇಕ್ ಪೂರ್ತಿ, ಬ್ರೇಕ್ ಮೇಲೆ ಕಾಲು, 2ಎಚ್‌ನಲ್ಲಿ ನಾಲ್ಕನೇ ಗೇರ್, ಕ್ಲಚ್ ನಿಧಾನಕ್ಕೆ ಬಿಡಿ. ಎಂಜಿನ್ ತಟ್ಟನೆ ನಿಲ್ಲಬೇಕು. ನಿಲ್ಲದೆ ಗುಂಯ್‌ಗುಡುತ್ತಿದ್ದರೆ ಪ್ಲೇಟ್ ಸವೆದಿದೆ. ಆಮೇಲೆ ಮಣ್ಣಿನ ಮೇಲೆ 4ಎಲ್‌ಗೆ ಹಾಕಿ ಹತ್ತಿಪ್ಪತ್ತು ಅಡಿ ಓಡಿಸಿ, ರಾಡ್ ತಾನಾಗಿ ನ್ಯೂಟ್ರಲ್‌ಗೆ ಜಿಗಿಯುತ್ತದೆಯೇ, ಆಕ್ಸಲರೇಟರ್ ಬಿಟ್ಟಾಗ ಹೊಟ್ಟೆಯಡಿ ಠಕ್ಕೆಂಬ ಸದ್ದು ಬರುತ್ತದೆಯೇ ಕೇಳಿಸಿಕೊಳ್ಳಿ. ಎರಡರಲ್ಲಿ ಒಂದಿದ್ದರೂ ಟ್ರಾನ್ಸ್‌ಫರ್ ಕೇಸ್ ಬಿಚ್ಚಿಸುವ ಖರ್ಚನ್ನು ಬೆಲೆಯಲ್ಲಿ ಮುರಿದುಕೊಂಡೇ ಮಾತಾಡಿ.